ಹರಾಜಿಗೆ ಇಬ್ಬರು ಬೇಕು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆ ಹಾಕುತ್ತಿದೆ. ‘ನನ್ನ ಹತ್ತಿರ ಒಂದು ಡೊಮೇನ್ ಹೆಸರಿದೆ ಸಾರ್. ಯಾವಾಗಲೋ ತೆಗೆದಿಟ್ಟಿದ್ದು. ಈಗ ಯಾರೋ ಕೇಳ್ತಿದ್ದಾರೆ. ಅವರಿಗೇ ಕೊಟ್ಟುಬಿಡಲೋ, ಹರಾಜಿಗೆ ಹಾಕಲೋ?’ ಕೇಳುವವರೆಲ್ಲ ಸಾಫ್ಟ್‌ವೇರ್‌ನವರು ಅಂದುಕೊಳ್ಳಬೇಡಿ. ಆರ್.ಟಿ. ನಗರದಲ್ಲಿ ಟ್ಯೂಷನ್ ಸೆಂಟರ್ ನಡೆಸಿ ಈಗ ಬಾಗಿಲು ಹಾಕಿರುವವರು, ವಿಮಾನ ನಿಲ್ದಾಣ ಬಂದ ಹೊಸತರಲ್ಲಿ ಯಲಹಂಕ, ಹೆಬ್ಬಾಳದ ಹೆಸರು ಸೇರಿಸಿ ನಾಲ್ಕಾರು ವಿಳಾಸ ಕೊಂಡಿಟ್ಟ ಸೈಟ್ ವ್ಯಾಪಾರಿಗಳು, ಮಗಳು ಕಾಲೇಜಿನಲ್ಲಿದ್ದಾಗ ಹುಮ್ಮಸ್ಸಿಗೆ ತೆಗೆದ ಹೆಸರಿಗೆ ಇವತ್ತಿಗೂ ವರ್ಷವರ್ಷ ದುಡ್ಡು ಕಟ್ಟುತ್ತಿರುವ ಅಪ್ಪಂದಿರು, ಇಂಥವರೇ ಹೆಚ್ಚು.

ಗೊತ್ತಿಲ್ಲದವರಿಗೆ ಎರಡೇ ಮಾತು. ವೆಬ್‌ಸೈಟಿನ ವಿಳಾಸವೇ ಡೊಮೇನ್. ಅದನ್ನು ನಾವು ಕೊಂಡಿದ್ದೇವೆ ಎನ್ನುತ್ತೇವೆ, ಆದರೆ ಅದು ಕ್ರಯವಲ್ಲ, ವರ್ಷದ ಲೆಕ್ಕದಲ್ಲಿ ನವೀಕರಿಸಿಕೊಳ್ಳಬೇಕಾದ ಹಕ್ಕು. ಡಾಟ್ ಕಾಮ್ ಹೆಸರನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ಕಾದಿರಿಸಬಹುದು. ನಮ್ಮ ದೇಶದ ಡಾಟ್ ಇನ್ ಹೆಸರುಗಳ ಉಸ್ತುವಾರಿ ನಿಕ್ಸಿ ಎಂಬ ಸಂಸ್ಥೆಯದು. 2005ರಲ್ಲಿ ನಿಯಮ ಸಡಿಲವಾಗಿ ಯಾರು ಬೇಕಾದರೂ ಪಡೆಯಬಹುದು ಎಂದಾದ ಮೇಲೆ ನಮ್ಮಲ್ಲಿ ಹೆಸರು ಗುಡ್ಡೆ ಹಾಕುವ ಚಟ ಶುರುವಾಯಿತು. ಒಂದು ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಒಬ್ಬರ ಹೆಸರಲ್ಲಿರುವುದು ಇನ್ನೊಬ್ಬರಿಗೆ ಸಿಗುವುದಿಲ್ಲವಾದ್ದರಿಂದ ಅದಕ್ಕೊಂದು ಮಾರುಕಟ್ಟೆಯೂ ಇದೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹೆಸರು ನಿಜಕ್ಕೂ ಬೇಕಾಗಿರುವವರು ಕನಿಷ್ಠ ಇಬ್ಬರಿದ್ದರೆ ಹರಾಜು. ಒಬ್ಬರೇ ಇದ್ದರೆ ನೇರ ಮಾತುಕತೆ. ಪತ್ರ ಬರೆದವರಲ್ಲಿ ಬಹುತೇಕರ ಬಳಿ ಇರುವುದು ಎರಡನೆಯ ಜಾತಿಯ ಹೆಸರು. ಅದನ್ನು ಹರಾಜಿಗೆ ಒಯ್ದರೆ ಕೈಗೆ ಬರುವುದು ಚಿಲ್ಲರೆ ಕಾಸು.

ಏಕೆ ಅನ್ನುವುದಕ್ಕೆ ನಮ್ಮ ಉತ್ತರ ಬೆಂಗಳೂರಿನ ಸುತ್ತಲೇ ಒಳ್ಳೆಯ ಪಾಠಶಾಲೆಗಳಿವೆ. ಯಲಹಂಕ ದಾಟಿ ದೊಡ್ಡಬಳ್ಳಾಪುರದ ಆಚೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ನೋಡಿರುತ್ತೀರಿ. ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆ ದಲ್ಲಾಳಿ ಬಂದು ಕೈ ಹಿಡಿಯುತ್ತಾನೆ. ಹಿಡಿದ ಕೈಗಳ ಮೇಲೆ ಟವೆಲ್ ಬೀಳುತ್ತದೆ. ಒಳಗೆ ಬೆರಳು ಒತ್ತಿ ರೇಟು ಹೇಳುವುದು, ಒತ್ತಿದ್ದನ್ನು ಬಿಡಿಸಿ ಇಳಿಸುವುದು. ಬಾಯಲ್ಲಿ ಊರಿನ ಮಳೆ ಬೆಳೆ ಮಾತು, ಕೈಯಲ್ಲಿ ವ್ಯಾಪಾರ. ಪಕ್ಕದಲ್ಲಿ ನಿಂತವನಿಗೂ ಎಷ್ಟಕ್ಕೆ ಕುದುರಿತು ಎಂದು ತಿಳಿಯುವುದಿಲ್ಲ. ಅಲ್ಲಿಂದ ಯಶವಂತಪುರದ ಎಪಿಎಂಸಿ ಯಾರ್ಡಿಗೆ ಬನ್ನಿ. ಮಂಡಿಯ ಮುಂದೆ ಈರುಳ್ಳಿ ಚೀಲ ಬಿಚ್ಚಿ ನೆಲಕ್ಕೆ ಸುರಿದಿರುತ್ತಾರೆ. ಲಾಟು ಲಾಟಾಗಿ ಮಾಲು, ಅದರ ಸುತ್ತ ಖರೀದಿದಾರರು, ಎಲ್ಲರ ಕಿವಿಗೂ ಬೀಳುವ ದರ. 2014ರಿಂದ ರಾಜ್ಯದ ಎಪಿಎಂಸಿಗಳಿಗೆ ಆನ್‌ಲೈನ್ ಟೆಂಡರ್ ವ್ಯವಸ್ಥೆ ಬಂದಿದ್ದೂ ಹೆಚ್ಚು ಜನ ದರ ಹಾಕಲಿ, ರೈತನಿಗೆ ಹೆಚ್ಚು ಸಿಗಲಿ ಎಂಬ ಉದ್ದೇಶದಿಂದಲೇ.

ಈರುಳ್ಳಿಯನ್ನು ಟವೆಲ್ ಕೆಳಗೆ ಮಾರಿದರೆ ರೈತ ಕೆಟ್ಟ. ಅದು ಹತ್ತು ಜನ ವ್ಯಾಪಾರಿಗಳಿಗೂ ಬೇಕಾದ ಮಾಲು, ಅದರ ಇವತ್ತಿನ ಬೆಲೆ ಎಲ್ಲರಿಗೂ ಹೆಚ್ಚುಕಡಿಮೆ ಗೊತ್ತು, ಅವರೊಳಗೆ ಪೈಪೋಟಿ ಹುಟ್ಟಿಸುವುದೇ ಜಾಣತನ. ಎತ್ತಿನ ಕಥೆ ಬೇರೆ. ಮನೆಯಲ್ಲಿ ಒಂಟಿ ಎತ್ತು ಉಳಿದಿರುವ ರೈತನೊಬ್ಬ ಅದಕ್ಕೆ ಜೋಡಿ ಹುಡುಕಿಕೊಂಡು ಜಾತ್ರೆಗೆ ಬಂದಿದ್ದಾನೆ ಅನ್ನಿ. ಅದೇ ಬಣ್ಣ, ಅದೇ ಎತ್ತರ, ಅದೇ ಕೊಂಬಿನ ಎತ್ತು ಅವನ ಕಣ್ಣಿಗೆ ಬಿದ್ದರೆ ಮಿಕ್ಕವರಿಗಿಂತ ಎಷ್ಟೋ ಹೆಚ್ಚು ಕೊಡಬಲ್ಲ. ಆದರೆ ಬಹಿರಂಗವಾಗಿ ಕೂಗಿ ಮಾರಿದರೆ ಅವನು ಅಷ್ಟು ಕೊಡಬೇಕಾಗಿಯೇ ಬರುವುದಿಲ್ಲ. ತನ್ನ ನಂತರದವನು ಹೇಳಿದ್ದಕ್ಕಿಂತ ಐನೂರು ಹೆಚ್ಚು ಹೇಳಿದರೆ ಎತ್ತು ಅವನದೇ. ಹರಾಜಿನಲ್ಲಿ ಬೆಲೆ ನಿಲ್ಲಿಸುವವನು ಗೆದ್ದವನಲ್ಲ, ಸೋತವರಲ್ಲಿ ಕೊನೆಯವನು.

ಡೊಮೇನ್ ಹರಾಜಿನ ಕಟ್ಟೆಯ ಮೇಲೆ ಆ ಕೊನೆಯವನು ಯಾರು ಎಂದು ನೋಡಿ. ಗೋಡ್ಯಾಡಿಯ ಹರಾಜು, ಜರ್ಮನಿಯ ಸೇಡೋ, ಡೈನಾಡಾಟ್ ಮುಂತಾದ ಕಡೆ ದಿನವೂ ಕೂತು ಬಿಡ್ ಮಾಡುವವರಲ್ಲಿ ಹೆಚ್ಚಿನವರು ಹೆಸರನ್ನು ಬಳಸುವವರಲ್ಲ, ಕೊಂಡು ಮಾರುವವರು. ಅವರ ಲೆಕ್ಕ ಕಟುವಾಗಿರುತ್ತದೆ. ತಮ್ಮ ಬಳಿ ಇರುವ ನೂರು ಹೆಸರುಗಳಲ್ಲಿ ವರ್ಷಕ್ಕೆ ಒಂದೋ ಎರಡೋ ಮಾರಾಟವಾಗುತ್ತದೆ ಎಂಬುದು ಆ ಕಸುಬಿನವರು ಸಾಮಾನ್ಯವಾಗಿ ಹೇಳುವ ಮಾತು. ನಿಮ್ಮ ಹೆಸರಿಗೆ ಒಂದಲ್ಲ ಒಂದು ದಿನ 2 ಲಕ್ಷ ಕೊಡುವವನು ಸಿಗುತ್ತಾನೆ ಎಂದು ಅವರು ನಂಬಿದರೂ, ಈ ವರ್ಷವೇ ಸಿಗುವ ಸಾಧ್ಯತೆ ಶೇ 2. ಅಂದರೆ ವರ್ಷದ ನಿರೀಕ್ಷೆ 4,000 ರೂಪಾಯಿ. ಮಾರಾಟ ತಾಣದ ಕಮಿಷನ್ ಶೇ 20 ಎಂದಿಟ್ಟುಕೊಂಡರೆ ಉಳಿಯುವುದು 3,200. ನವೀಕರಣಕ್ಕೆ ಸಾವಿರ ಕಳೆಯಿರಿ, 2,200. ಇದನ್ನು ಆರು ವರ್ಷಕ್ಕೆ ಗುಣಿಸಿದರೂ 13,200 ದಾಟುವುದಿಲ್ಲ. ಅಷ್ಟು ಕಾಯುವ ಬಡ್ಡಿ ಬೇರೆ. ಹಾಗಾಗಿ 2 ಲಕ್ಷದ ಹೆಸರಿಗೆ ಹರಾಜಿನಲ್ಲಿ ಹತ್ತು ಸಾವಿರದ ಹತ್ತಿರ ಬಿಡ್ ನಿಂತರೆ ಅದರಲ್ಲಿ ಮೋಸವೇನೂ ಇಲ್ಲ. ಅದು ಸಗಟು ದರ, ಅಷ್ಟೇ. ಬಳಸುವವನು ಕೊಡುವುದು ಚಿಲ್ಲರೆ ದರ, ಆದರೆ ಅವನು ಹರಾಜಿನ ಕಟ್ಟೆಗೆ ಬರುವವನಲ್ಲ. ಸಹಕಾರ ನಗರದ ದಂತ ವೈದ್ಯರಿಗೆ ಇಂಥ ಹರಾಜು ನಡೆಯುತ್ತದೆ ಎಂಬುದೇ ಗೊತ್ತಿರುವುದಿಲ್ಲ.

ಅರ್ಥಶಾಸ್ತ್ರ ಓದಿದವರು ಇಲ್ಲಿ ಕೈ ಎತ್ತಬಹುದು. ಜೆರೆಮಿ ಬುಲೋ ಮತ್ತು ಪಾಲ್ ಕ್ಲೆಂಪರರ್ ಎಂಬಿಬ್ಬರು 1996ರಲ್ಲಿ ಇದೇ ವಿಷಯದ ಮೇಲೆ ಬರೆದ ಪ್ರಬಂಧ ಪ್ರಸಿದ್ಧ. ಎಷ್ಟೇ ಚತುರನಾದ ಮಾರಾಟಗಾರ ಇರುವವರೊಂದಿಗೆ ಕೂತು ಚೌಕಾಶಿ ಮಾಡಿ ಗಳಿಸುವುದಕ್ಕಿಂತ, ಹೆಚ್ಚಿಗೆ ಒಬ್ಬನೇ ಒಬ್ಬ ನಿಜವಾದ ಕೊಳ್ಳುವವನನ್ನು ಕರೆತಂದು ಕನಿಷ್ಠ ಬೆಲೆಯನ್ನೂ ಇಡದೆ ಹರಾಜು ಹಾಕಿದರೆ ಸಾಮಾನ್ಯವಾಗಿ ಹೆಚ್ಚು ಬರುತ್ತದೆ ಎಂಬುದು ಅವರ ವಾದದ ಸಾರ. ಇದನ್ನು ಓದಿ ಹರಾಜೇ ಮೇಲು ಎಂದು ಹಾರಿಬಿಡುವವರಿದ್ದಾರೆ. ಪ್ರಬಂಧದ ಜೀವ ಇರುವುದು ‘ಹೆಚ್ಚಿಗೆ ಒಬ್ಬ’ ಎಂಬಲ್ಲಿ. ಆ ಒಬ್ಬನೂ ಗಂಭೀರವಾಗಿ ಕೊಳ್ಳುವವನಾಗಿರಬೇಕು. ಹಾಗಾಗಿ ಚರ್ಚೆ ಮತ್ತೆ ಅಲ್ಲಿಗೇ ಬರುತ್ತದೆ. ನಿಮ್ಮ ಹೆಸರಿಗೆ ಎರಡನೆಯವನು ಇದ್ದಾನೆಯೇ?

ಇದನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಯಶವಂತಪುರದ ಹೆಸರಿರುವ ಡೊಮೇನ್ ಇಟ್ಟುಕೊಂಡವರಿಗೆ ನನ್ನ ಮೊದಲ ಪ್ರಶ್ನೆ, ಯಾವ ಸ್ಪೆಲ್ಲಿಂಗು? ರೈಲ್ವೆ ಬೋರ್ಡಿನಲ್ಲಿ ‘ವಿ’ ಅಕ್ಷರದಿಂದ ಬರೆಯುತ್ತಾರೆ, ಮೆಟ್ರೊದವರು ‘ಡಬ್ಲ್ಯು’ ಹಾಕುತ್ತಾರೆ, ‘ಟಿ’ ನಂತರ ‘ಎಚ್’ ಬೇಕೋ ಬೇಡವೋ ಎಂಬುದರಲ್ಲಿ ಅಂಗಡಿ ಬೋರ್ಡುಗಳೇ ಒಮ್ಮತಕ್ಕೆ ಬಂದಿಲ್ಲ. ಫೋನಿನಲ್ಲಿ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡಲಾಗದ ಹೆಸರಿಗೆ ಗಿರಾಕಿ ಕಡಿಮೆ. ಹೆಬ್ಬಾಳಕ್ಕೆ ಆ ತಾಪತ್ರಯವಿಲ್ಲ, ಸಾಲದ್ದಕ್ಕೆ ಮೈಸೂರಿನಲ್ಲೂ ಒಂದು ಹೆಬ್ಬಾಳವಿದ್ದು ಅಲ್ಲಿ ಕೈಗಾರಿಕಾ ಪ್ರದೇಶವೇ ಇದೆ. ಹೆಸರು ಎರಡು ಊರಿಗೆ ಸಲ್ಲುತ್ತದೆ. 2014ರ ನವೆಂಬರ್ 1ರಂದು ಬೆಂಗಳೂರು ಸೇರಿ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದಾಗ ಹೊಸ ಸ್ಪೆಲ್ಲಿಂಗಿನ ಹೆಸರಿಗೆ ಮುಗಿಬಿದ್ದವರನ್ನು ಬಲ್ಲೆ. ಆದರೆ ಅಂಗಡಿ ಇಟ್ಟವರಲ್ಲಿ ಹಲವರು ಇವತ್ತಿಗೂ ಹಳೆಯ ಸ್ಪೆಲ್ಲಿಂಗನ್ನೇ ಬಿಟ್ಟಿಲ್ಲ. ಇನ್ನು ಕನ್ನಡ ಲಿಪಿಯಲ್ಲೇ ‘.ಭಾರತ’ ವಿಳಾಸ ಪಡೆಯುವ ಅವಕಾಶವನ್ನೂ ನಿಕ್ಸಿ ಕೊಟ್ಟಿದೆ. ಅಭಿಮಾನಕ್ಕೆ ತೆಗೆದುಕೊಳ್ಳಿ, ಖಂಡಿತ ತೆಗೆದುಕೊಳ್ಳಿ. ಮಾರಿ ಲಾಭ ಮಾಡುವ ಲೆಕ್ಕಕ್ಕೆ ಬೇಡ.

ಒಂದೇ ಒಂದು ಸಾಮಾನ್ಯ ಪದದ, ಅಥವಾ ಮೂರು ನಾಲ್ಕು ಅಕ್ಷರದ ಡಾಟ್ ಕಾಮ್ ನಿಮ್ಮ ಬಳಿ ಇದ್ದರೆ ಅದು ಈರುಳ್ಳಿ. ಪ್ರಪಂಚದ ಯಾವ ಮೂಲೆಯವನಿಗೂ ಬೇಕು, ಹರಾಜಿಗೆ ಹಾಕಿದರೂ ನಷ್ಟವಿಲ್ಲ. ಆದರೂ ನಿಜಕ್ಕೂ ದೊಡ್ಡ ಮಾರಾಟಗಳು ಮಾತುಕತೆಯಲ್ಲೇ ಮುಗಿದಿದ್ದುಂಟು. 2019ರಲ್ಲಿ ಮೈಕ್ರೋಸ್ಟ್ರಾಟಜಿ ಕಂಪನಿ ತನ್ನ ಬಳಿಯಿದ್ದ ವಾಯ್ಸ್ ಡಾಟ್ ಕಾಮ್ ಅನ್ನು ಬ್ಲಾಕ್ ಡಾಟ್ ಒನ್ ಎಂಬ ಕಂಪನಿಗೆ 3 ಕೋಟಿ ಡಾಲರಿಗೆ ಮಾರಿತು. ಅದು ಹರಾಜಾಗಿರಲಿಲ್ಲ. ಕೊಳ್ಳುವವರಿಗೆ ಆ ಹೆಸರೇ ಬೇಕಿತ್ತು, ಮಾರುವವರಿಗೆ ಮಾರುವ ತುರ್ತಿರಲಿಲ್ಲ.

ತುರ್ತಿಲ್ಲದಿರುವುದೇ ನೇರ ಮಾರಾಟದಲ್ಲಿ ನಿಮ್ಮ ಬಲ. ಮೊದಲ ಮೇಲ್ ಸಾಮಾನ್ಯವಾಗಿ ಹೀಗಿರುತ್ತದೆ: ಯಾವುದೋ ಜಿಮೇಲ್ ವಿಳಾಸದಿಂದ ಎರಡು ಸಾಲು, ‘ನಾನೊಬ್ಬ ವಿದ್ಯಾರ್ಥಿ, ಸಣ್ಣ ಪ್ರಾಜೆಕ್ಟಿಗೆ ಈ ಹೆಸರು ಬೇಕಿತ್ತು, ಐದು ಸಾವಿರ ಕೊಡಬಲ್ಲೆ.’ ನಿಜವಾದ ವಿದ್ಯಾರ್ಥಿಯೂ ಇರಬಹುದು, ದೊಡ್ಡ ಕಂಪನಿಯ ಪರವಾಗಿ ಬಂದ ದಲ್ಲಾಳಿಯೂ ಇರಬಹುದು. ಇಂಥ ಮೇಲ್ ತಂದು ತೋರಿಸಿದ ಪರಿಚಿತರೊಬ್ಬರಿಗೆ ನಾನು ಹೇಳಿದ್ದು, ಅದೇ ಹೆಸರಿನ ಡಾಟ್ ಇನ್ ಯಾರ ಬಳಿ ಇದೆ ನೋಡಿ ಎಂದು. ನೋಡಿದರೆ ಥಣಿಸಂದ್ರ ರಸ್ತೆಯಲ್ಲಿ ಎರಡು ಶಾಖೆ ತೆರೆದಿರುವ ಒಂದು ವ್ಯಾಪಾರ. ಒಂಟಿ ಎತ್ತು ಅವರ ಮನೆಯಲ್ಲಿತ್ತು! ‘ಅಷ್ಟಕ್ಕೆ ಕೊಡಲಾಗುವುದಿಲ್ಲ, ನಮ್ಮ ಬೆಲೆ ಇಷ್ಟು, ಈ ತಿಂಗಳ ಕೊನೆಯವರೆಗೆ ಮಾತ್ರ’ ಎಂದು ಸೌಜನ್ಯದಿಂದ ಬರೆದರು. ಮೂರು ವಾರ ಸದ್ದಿಲ್ಲ. ಅವರ ಮನೆಯವರು ‘ಸಿಕ್ಕಿದ್ದನ್ನೂ ಕಳಕೊಂಡ್ರಿ’ ಎಂದು ಶುರು ಮಾಡಿದ್ದರು. ತಿಂಗಳ ಕೊನೆಯ ವಾರ ಉತ್ತರ ಬಂತು. ಕೇಳಿದ್ದರ ಮುಕ್ಕಾಲು ಪಾಲಿಗೆ ಒಪ್ಪಂದವಾಯಿತು, ಅದು ಮೊದಲು ಹೇಳಿದ ಐದು ಸಾವಿರದ ಎಷ್ಟೋ ಪಟ್ಟು. ಎಲ್ಲ ಸಲವೂ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ವಾಪಸು ಬಾರದೇ ಹೋದವರೂ ಬೇಕಾದಷ್ಟಿದ್ದಾರೆ.

ಇನ್ನೊಂದು ಬಗೆಯ ಮೇಲ್ ಇದೆ, ಅದಕ್ಕೆ ಹುಷಾರಾಗಿರಿ. ಅದರಲ್ಲಿ ಚೌಕಾಶಿಯೇ ಇರುವುದಿಲ್ಲ. ‘ನಿಮ್ಮ ಹೆಸರಿಗೆ ಎಂಟು ಲಕ್ಷ ಕೊಡಲು ನಮ್ಮ ಹೂಡಿಕೆದಾರರು ಸಿದ್ಧ, ಆದರೆ ಮೊದಲು ಮೌಲ್ಯಮಾಪನದ ಪ್ರಮಾಣಪತ್ರ ಬೇಕು’ ಎಂದು ಬರೆದು ಒಂದು ವೆಬ್‌ಸೈಟಿನ ಕೊಂಡಿ ಕೊಡುತ್ತಾರೆ. ಅಲ್ಲಿ ಕೆಲವು ಸಾವಿರ ಕಟ್ಟಿದರೆ ಪ್ರಮಾಣಪತ್ರವೇನೋ ಬರುತ್ತದೆ, ಹೂಡಿಕೆದಾರರು ಮಾಯ. ಆ ವೆಬ್‌ಸೈಟೂ ಅವರದೇ. ಕೊಳ್ಳುವವನು ಮಾರುವವನಿಂದ ದುಡ್ಡು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ನೇರ ಮಾರಾಟ ಅಂದೊಡನೆ ಕೆಲವರು ತಾವೇ ಕಂಪನಿಗೆ ಫೋನ್ ಮಾಡಲು ಹೊರಡುತ್ತಾರೆ. ‘ನಿಮ್ಮ ಹೆಸರು ನನ್ನ ಹತ್ತಿರ ಇದೆ, ಎಷ್ಟು ಕೊಡ್ತೀರಿ?’ ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿಲ್ಲ. ನಿಮ್ಮ ಹೆಸರು ಯಾರದಾದರೂ ಟ್ರೇಡ್‌ಮಾರ್ಕಿಗೆ ತಾಗುವಂತಿದ್ದರೆ, ಖರ್ಚಿಗಿಂತ ಹೆಚ್ಚಿನ ಬೆಲೆಗೆ ಅವರಿಗೇ ಮಾರುವ ಉದ್ದೇಶದಿಂದ ಅದನ್ನು ಪಡೆದದ್ದು ದುರುದ್ದೇಶಕ್ಕೆ ಸಾಕ್ಷಿ ಎಂದು 1999ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಡೊಮೇನ್ ವ್ಯಾಜ್ಯ ನೀತಿಯಲ್ಲೇ ಬರೆದಿದೆ. ಡಾಟ್ ಇನ್‌ಗೂ ಅಂಥದೇ ನೀತಿಯಿದೆ. ಡೊಮೇನ್ ಹೆಸರಿನ ಮುಖ್ಯ ಮೊಕದ್ದಮೆಗಳಲ್ಲೊಂದು ಹುಟ್ಟಿದ್ದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಸತ್ಯಂ ಇನ್ಫೋವೇ ಕಂಪನಿ 1999ರಲ್ಲಿ ‘ಸಿಫಿ’ ಎಂಬ ಹೆಸರಿನ ಹಲವು ಡೊಮೇನ್ ಪಡೆದಿತ್ತು. ಆಮೇಲೆ ಇನ್ನೊಂದು ಸಂಸ್ಥೆ ಒಂದಕ್ಷರ ಹೆಚ್ಚಿಗೆ ಸೇರಿಸಿ ಹೆಚ್ಚುಕಡಿಮೆ ಅದೇ ಉಚ್ಚಾರದ ಹೆಸರು ತೆಗೆಯಿತು. ಸಿವಿಲ್ ಕೋರ್ಟು ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟು ಅದನ್ನು ತೆರವು ಮಾಡಿತು, 2004ರ ಮೇ 6ರಂದು ಸುಪ್ರೀಂ ಕೋರ್ಟು ಸತ್ಯಂ ಪರವಾಗಿ ತೀರ್ಪಿತ್ತಿತು. ಡೊಮೇನ್ ಹೆಸರಿಗೂ ವ್ಯಾಪಾರದ ಗುರುತಿನಷ್ಟೇ ಕಾನೂನಿನ ರಕ್ಷಣೆಯುಂಟು ಎಂದು ದೇಶದಲ್ಲಿ ಇತ್ಯರ್ಥವಾದದ್ದು ಅಲ್ಲಿ.

ಈಚಿನದು ಬೇಕಿದ್ದರೆ ಜಿಯೋಹಾಟ್‌ಸ್ಟಾರ್. ಎರಡು ಕಂಪನಿಗಳು ಒಂದಾಗಬಹುದು ಎಂದು ಮೊದಲೇ ಊಹಿಸಿದ ದೆಹಲಿಯ ಯುವ ಡೆವಲಪರ್ ಒಬ್ಬ ಆ ಡಾಟ್ ಕಾಮ್ ತೆಗೆದಿಟ್ಟಿದ್ದ. 2024ರ ಅಕ್ಟೋಬರಿನಲ್ಲಿ ಅದೇ ಪುಟದಲ್ಲಿ ರಿಲಯನ್ಸ್‌ಗೆ ಬಹಿರಂಗ ಪತ್ರ ಬರೆದು, ಕೇಂಬ್ರಿಡ್ಜ್‌ನಲ್ಲಿ ಓದಲು ಸುಮಾರು 1 ಕೋಟಿ ರೂಪಾಯಿ ಫೀಸು ಕೇಳಿದ. ಊಹೆ ಕರಾರುವಾಕ್ಕಾಗಿತ್ತು, ಊರೆಲ್ಲ ಸುದ್ದಿಯಾಯಿತು, ಆದರೆ ಆ ಫೀಸು ಕಂಪನಿಯಿಂದ ಹುಟ್ಟಲಿಲ್ಲ. ಹೆಸರು ದುಬೈನ ಇಬ್ಬರು ಮಕ್ಕಳ ಕೈಗೆ ಹೋಯಿತು, ಅವರು ಅದನ್ನು ಬಿಟ್ಟಿಯಾಗಿ ಬಿಟ್ಟುಕೊಡಲು ಸಿದ್ಧ ಎಂದರು. ಹುಡುಗನ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ ಇಂಥ ಹೆಸರಿಗೆ ಇರುವುದು ಒಬ್ಬನೇ ಗಿರಾಕಿ, ಆ ಗಿರಾಕಿಯ ಬಳಿ ವಕೀಲರ ದಂಡೇ ಇದೆ. ಬೇರೆಯವರ ಬ್ರ್ಯಾಂಡಿನ ಹೆಸರು ನಿಮ್ಮಲ್ಲಿದ್ದರೆ ಹರಾಜೂ ಬೇಡ, ಮಾತುಕತೆಯೂ ಬೇಡ, ನವೀಕರಿಸದೆ ಬಿಟ್ಟುಬಿಡಿ.

ನಿಮ್ಮದು ಸಾಮಾನ್ಯ ಪದವಾಗಿದ್ದರೆ, ಕೊಳ್ಳುವವನು ತಾನಾಗಿ ಬರುವ ಹಾಗೆ ಮಾಡಿ. ಆ ವಿಳಾಸ ತೆರೆದವರಿಗೆ ‘ಈ ಹೆಸರು ಮಾರಾಟಕ್ಕಿದೆ’ ಎಂಬ ಒಂದು ಪುಟ ಕಾಣಿಸಲಿ. ಬೆಲೆ ನಮೂದಿಸುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಸಣ್ಣ ವ್ಯಾಪಾರಿಗಳು ‘ಬೆಲೆಗೆ ಸಂಪರ್ಕಿಸಿ’ ಎಂಬುದನ್ನು ಕಂಡರೆ ಹೆದರಿ ಹಿಂದೆ ಸರಿಯುತ್ತಾರೆ. ಐವತ್ತು ಸಾವಿರ ಎಂದು ಬರೆದಿದ್ದರೆ ಮೂವತ್ತಕ್ಕೆ ಕೇಳಲಾದರೂ ಧೈರ್ಯ ಬರುತ್ತದೆ.

ಹಾಗಾದರೆ ಹರಾಜು ಯಾವಾಗ? ಹೆಸರುಗಳು ರಾಶಿ ಬಿದ್ದಿವೆ, ನವೀಕರಣದ ಖರ್ಚು ಕಿತ್ತು ತಿನ್ನುತ್ತಿದೆ, ಕಾಯುವ ವ್ಯವಧಾನವಿಲ್ಲ ಎನ್ನುವವರು ಹಾಕಿ ಕೈತೊಳೆದುಕೊಳ್ಳಬಹುದು. ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಕನಿಷ್ಠ ಬೆಲೆಯನ್ನು ಇಡಿ, ಆದರೆ ಅದನ್ನು ಆಕಾಶದಲ್ಲಿ ಇಡಬೇಡಿ. ಒಂದೇ ತಿಂಗಳಲ್ಲಿ ಇಬ್ಬರು ಬೇರೆ ಬೇರೆ ಜನ ಕೇಳಿದ್ದರೆ ಹರಾಜಿನ ತಾಣವೂ ಬೇಕಿಲ್ಲ. ಇಬ್ಬರಿಗೂ ನಿಜ ಹೇಳಿ, ‘ಇನ್ನೊಬ್ಬರೂ ಕೇಳುತ್ತಿದ್ದಾರೆ, ಶುಕ್ರವಾರ ಸಂಜೆಯೊಳಗೆ ನಿಮ್ಮ ಕೊನೆಯ ಬೆಲೆ ಬರೆದು ಕಳಿಸಿ’ ಎಂದರಾಯಿತು. ಇಲ್ಲದ ಎರಡನೆಯವನನ್ನು ಸೃಷ್ಟಿಸಲು ಹೋಗಬೇಡಿ. ಅದು ಅನ್ಯಾಯ ಅನ್ನುವುದು ಒಂದು ಕಡೆಯಾದರೆ, ಇದ್ದೊಬ್ಬನೂ ‘ಹಾಗಾದರೆ ಅವರಿಗೇ ಕೊಡಿ’ ಎಂದು ಎದ್ದು ಹೋದರೆ ಮುಗಿಯಿತು.

ಹರಾಜಿಗೆ ಇನ್ನೊಂದು ಕಾಯಿಲೆಯಿದೆ. ಬಿಡಿಎ ಮೂಲೆ ನಿವೇಶನ ಹರಾಜಿಗೆ ಹೋದವರಿಗೆ ಗೊತ್ತು, ಅಲ್ಲಿ ಮುಂಗಡ ಠೇವಣಿ ಇಡದೆ ಬಾಯಿ ತೆರೆಯುವಂತಿಲ್ಲ. ಡೊಮೇನ್ ಹರಾಜಿನಲ್ಲಿ ಅನೇಕ ಕಡೆ ಅಂಥ ಬಿಗಿಯಿಲ್ಲ. ಹುರುಪಿನಲ್ಲಿ ಕೂಗಿ ಗೆದ್ದವನು ಮಾರನೇ ದಿನ ಫೋನ್ ಎತ್ತದಿರುವುದು ಆ ಲೋಕದಲ್ಲಿ ಹೊಸತೇನಲ್ಲ. ದುಡ್ಡು ಬರುವವರೆಗೆ ಮಾರಾಟವಾಯಿತು ಎಂದು ಮನೆಯಲ್ಲಿ ಸಿಹಿ ಹಂಚಬೇಡಿ. ನೇರ ಮಾರಾಟಕ್ಕೂ ಇದೇ ಮಾತು. ಒಂದು ಡೊಮೇನನ್ನು ಬೇರೆ ಕಡೆಗೆ ವರ್ಗಾಯಿಸಲು ಒಂದು ರಹಸ್ಯ ಕೋಡ್ ಬೇಕು. ಆ ಕೋಡ್ ಕೈಬಿಟ್ಟರೆ ಹೆಸರು ಕೈಬಿಟ್ಟಂತೆ. ಮೊತ್ತ ದೊಡ್ಡದಿದ್ದರೆ ಎಸ್ಕ್ರೋ ಸೇವೆಯ ಮೂಲಕ ಹೋಗಿ. ಕೊಳ್ಳುವವನು ಹಣವನ್ನು ಮೂರನೆಯವರ ಬಳಿ ಇಡುತ್ತಾನೆ, ನೀವು ಹೆಸರು ವರ್ಗಾಯಿಸುತ್ತೀರಿ, ಅವನು ಬಂತು ಎಂದ ಮೇಲೆ ಹಣ ನಿಮಗೆ ಬಿಡುಗಡೆಯಾಗುತ್ತದೆ. ಫೀಸು ಸ್ವಲ್ಪ ಹೋಗುತ್ತದೆ, ಹೋಗಲಿ.

ಇಷ್ಟೆಲ್ಲ ಯೋಚಿಸುವ ಮೊದಲು ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಹೆಸರು ಯಾರ ಖಾತೆಯಲ್ಲಿ, ಯಾವ ಇಮೇಲ್ ವಿಳಾಸದಲ್ಲಿ ನೋಂದಣಿಯಾಗಿದೆ ಎಂದು ತೆರೆದು ನೋಡಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ತನ್ನದೇ ಖಾತೆಯಲ್ಲಿ ತೆಗೆದಿದ್ದು, ಈಗ ಅವನು ನಂಬರ್ ಬದಲಾಯಿಸಿ ಎಲ್ಲಿದ್ದಾನೋ ಗೊತ್ತಿಲ್ಲ ಎಂಬ ಕಥೆ ನಮ್ಮ ಕಡೆಯ ಸಣ್ಣ ವ್ಯಾಪಾರಿಗಳಲ್ಲಿ ಬೀದಿಗೊಂದು ಸಿಗುತ್ತದೆ. ನವೀಕರಣದ ನೋಟಿಸ್ ಹೋಗುವುದು ಆ ಇಮೇಲಿಗೆ. ಅವಧಿ ಮುಗಿದ ಮೇಲೂ ಡಾಟ್ ಕಾಮ್ ಹೆಸರಿಗೆ ಸ್ವಲ್ಪ ದಿನ ರಿಯಾಯಿತಿ ಇರುತ್ತದೆ, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಕೊನೆಗೆ 5 ದಿನ ಯಾರೂ ಮುಟ್ಟಲಾಗದ ಸ್ಥಿತಿ. ಅದು ಕಳೆದರೆ ಮೊದಲು ಬಂದವನದು. ಎಷ್ಟೋ ನೋಂದಣಿ ಕಂಪನಿಗಳು ಆ ರಿಯಾಯಿತಿಯ ದಿನಗಳಲ್ಲೇ ಹೆಸರನ್ನು ತಾವೇ ಹರಾಜಿಗೆ ಹಾಕುತ್ತವೆ. ಆ ಹರಾಜಿನ ದುಡ್ಡು ನಿಮಗೆ ಬರುವುದಿಲ್ಲ.